ಕ್ಯಾಂಪಿನ ಬೀಗತಿಗೆ ಕಲಿಸಿದ ಕನ್ನಡ

ಬೇರೆ ಊರಿನಲ್ಲಿ ವ್ಯಾಕರಣ ಪಾಠ ಮಾಡಿದರೆ ಮಕ್ಕಳಿಗೆ ನಿದ್ದೆ ಬರುತ್ತದಂತೆ. ಸಿಂಧನೂರಿನಲ್ಲಿ ನನ್ನ ತರಗತಿಯಲ್ಲಿ ಯಾರಿಗೂ ಆ ಭಾಗ್ಯ ಇಲ್ಲ. ಒಂದು ಬೆಂಚಿನ ಮೇಲೆ ಕನ್ನಡದವರು, ಪಕ್ಕದಲ್ಲಿ ತೆಲುಗಿನವರು, ಹಿಂದೆ ಉರ್ದು, ಕಿಟಕಿಯ ಹತ್ತಿರ ಲಂಬಾಣಿ, ಬಾಗಿಲ ಹತ್ತಿರ, ಹಿಂದೆ ನಿರಾಶ್ರಿತರಾಗಿ ಬಂದು ನೆಲೆಸಿದ ಬಂಗಾಳಿ ಕ್ಯಾಂಪಿನ ಮಕ್ಕಳು. ನಾಮಪದ ಎಂದರೇನು ಎಂದು ಕೇಳಿದರೆ ಅಷ್ಟೂ ಭಾಷೆಯಲ್ಲಿ ಗುಸುಗುಸು ಶುರುವಾಗುತ್ತದೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಮೊದಲು ಲಿಂಗಸುಗೂರು, ಆಮೇಲೆ ಮಸ್ಕಿ, ಈಗ ಸಿಂಧನೂರು. ಒಂದೇ ರಸ್ತೆಯ ಮೇಲೆ ಉರುಳಿಕೊಂಡು ಬಂದಿದ್ದೇನೆ. "ಇನ್ನೊಂದ ಸಲ ವರ್ಗಾ ಆದ್ರ ದಢೇಸುಗೂರು, ಆಮ್ಯಾಲ ಸೀದಾ ತುಂಗಭದ್ರಾ ಹೊಳಿ" ಎಂದು ನಮ್ಮ ಮನೆಯವರು ಹಂಗಿಸುತ್ತಾರೆ. ಈ ರಸ್ತೆಯಲ್ಲಿ ಭಾಷೆ ಕಲಿಸುವವರಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ಈಗ ಹೇಳುವುದೆಲ್ಲ ಒಬ್ಬಳೇ ಒಬ್ಬಳು ಹೆಂಗಸಿಗೆ ಕನ್ನಡ ಕಲಿಸಲು ಹೋಗಿ ಆದದ್ದು.

ಕಡೀಕ ನಿಂತ ಕ್ರಿಯಾಪದ

ವಾಕ್ಯರಚನೆಯನ್ನು ನಾನು ಬೋರ್ಡಿನ ಮೇಲೆ ಕಲಿಸುವುದಿಲ್ಲ, ಮಕ್ಕಳನ್ನೇ ಸಾಲಾಗಿ ನಿಲ್ಲಿಸುತ್ತೇನೆ. ಒಬ್ಬ 'ರೈತ', ಒಬ್ಬ 'ಗದ್ದೆಗೆ', ಇನ್ನೊಬ್ಬ 'ನೀರು', ಕೊನೆಯಲ್ಲಿ ನಿಂತವರು 'ಬಿಟ್ಟ'. ಆಮೇಲೆ ಇದನ್ನು ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತೀರಿ ಎಂದು ಕೇಳುತ್ತೇನೆ. ತೆಲುಗಿಗೆ ಹೋಗಲಿ, ಉರ್ದುವಿಗೆ ಹೋಗಲಿ, ಬಂಗಾಳಿಗೆ ಹೋಗಲಿ, ಪದ ಬದಲಾಗುತ್ತದೆಯೇ ಹೊರತು ನಿಂತ ಸಾಲು ಕದಲುವುದಿಲ್ಲ. ಇಂಗ್ಲಿಷಿಗೆ ಬಂದ ಕೂಡಲೇ ಓಡಾಟ ಶುರು. ಕೊನೆಯಲ್ಲಿದ್ದ ಕ್ರಿಯಾಪದ ಓಡಿಬಂದು ರೈತನ ಮಗ್ಗುಲಿಗೆ ನಿಲ್ಲಬೇಕು. ಗದ್ದೆಯ ಬೆನ್ನಿಗೆ ಅಂಟಿದ್ದ 'ಗೆ'ಯನ್ನು ಕಿತ್ತು ಮುಂದೆ ತಂದು ನಿಲ್ಲಿಸಬೇಕು.

ಬಂಗಾಳಿ ಕ್ಯಾಂಪಿನ ಹುಡುಗಿಯೊಬ್ಬಳಿಗೆ ಒಳ್ಳೆಯ ಗಂಟಲು. ವಾಕ್ಯ ಗಟ್ಟಿಯಾಗಿ ಮುಗಿಯಲಿ ಎಂದು ದಿನವೂ ಅವಳನ್ನೇ ಕ್ರಿಯಾಪದ ಮಾಡುತ್ತಿದ್ದೆ. ಒಂದು ದಿನ ಅವಳ ತಾಯಿ ಮೀನಿನ ಬುಟ್ಟಿ ಸಮೇತ ಶಾಲೆಗೆ ಬಂದಳು. ಆಕೆ ಸಿಂಧನೂರು ಬಜಾರಿನಲ್ಲಿ ಮೀನು ಮಾರುವವಳು. ಬಂಗಾಳಿಯಲ್ಲಿ ಒಂದೇ ಉಸಿರಿಗೆ ಏನೋ ಹೇಳಿದಳು. ಮಗಳು ತಲೆ ತಗ್ಗಿಸಿ ಕನ್ನಡಕ್ಕೆ ತಂದಳು.

"ದಿನಾ ನನ್ನ ಮಗಳನ್ನ ಯಾಕ ಕಡೀಕ ನಿಂದ್ರಸ್ತೀರಿ ಅಂತ ಕೇಳಾಕತ್ತಾಳ್ರೀ ನಮ್ಮಮ್ಮ. ಕ್ಯಾಂಪಿನಾಕಿ ಅಂತ ಹಿಂದ ಹಾಕ್ಯಾರೇನು ಅಂತಾಳ್ರೀ."

ನನಗೆ ಅಯ್ಯೋ ಅನಿಸಿತು. ಆಕೆಯನ್ನು ಕೂಡಿಸಿ, ಕನ್ನಡದಲ್ಲಿ ಕ್ರಿಯಾಪದವೇ ಯಜಮಾನ, ನಿನ್ನ ಮಗಳು ಬಾಯಿ ತೆರೆಯುವ ತನಕ ರೈತ, ಗದ್ದೆ, ನೀರು ಮೂವರೂ ಕಾಯುತ್ತಾ ನಿಲ್ಲಬೇಕು, ಇಂಗ್ಲಿಷಿಗೆ ಬಂದರಷ್ಟೇ ಅವಳು ಜಾಗ ಬದಲಿಸುವುದು ಎಂದು ಬಿಡಿಸಿ ಹೇಳಿದೆ. ಆಕೆ ಎಲ್ಲವನ್ನೂ ಮಗಳಿಂದ ಕೇಳಿಸಿಕೊಂಡು, ಸ್ವಲ್ಪ ಯೋಚಿಸಿ, ಬುಟ್ಟಿ ಎತ್ತಿಕೊಳ್ಳುತ್ತಾ ಏನೋ ಅಂದಳು.

"ಏನಂತ?" ಎಂದೆ.

"ಹಂಗಾರ ಇಂಗ್ಲಿಷ್ ಪಾಠ ಜಾಸ್ತಿ ಮಾಡ್ರಿ ಅಂತಾಳ್ರೀ. ಅದರಾಗ ಮುಂದ ಬರ್ತಾಳಂತ."

ಬಜಾರದ ಕನ್ನಡ

ಆ ಹುಡುಗಿ ಓದಿ ನರ್ಸ್ ಆದಳು, ಲಿಂಗಸುಗೂರಿನ ಒಂದು ಆಸ್ಪತ್ರೆಗೆ ಸೇರಿದಳು. ಅಲ್ಲಿ ನೀರಿನ ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದ ಕನ್ನಡದ ಹುಡುಗನೊಬ್ಬನಿಗೂ ಅವಳಿಗೂ ಮನಸ್ಸು ಕೂಡಿತು. ಎರಡೂ ಮನೆಯವರು ಹೆಚ್ಚುಕಡಿಮೆ ಒಪ್ಪಿದರು. ಒಪ್ಪದೆ ಉಳಿದವಳು ಹುಡುಗನ ಅಜ್ಜಿ ಒಬ್ಬಳೇ. ಆದರೆ ಆ ಮನೆಯಲ್ಲಿ ನಡೆಯುವುದು ಅಜ್ಜಿಯ ಮಾತು ಒಂದೇ.

ಅಜ್ಜಿ ಬ್ಯಾಡ ಅಂದಿರಲಿಲ್ಲ, ಒಂದು ಷರತ್ತು ಹಾಕಿದ್ದಳು. "ಹುಡುಗಿ ಕಲ್ತಾಕಿ, ಯಾರ ಮುಂದಾದ್ರೂ ಛಂದ ಮಾತಾಡ್ತಾಳ. ಮೊದಲು ನಾ ತಾಯಿ ಜೋಡಿ ಮಾತಾಡ್ತೀನಿ. ನಡುವ ಯಾರೂ ಬರಬಾರದು. ತಾಯಿ ಮಾತು ಮನಸಿಗೆ ಬಂದ್ರ ಮುಂದಿನ ಮಾತು."

ಹುಡುಗಿ ನನ್ನ ಮನೆಗೆ ಬಂದು ಕಣ್ಣು ಒರೆಸಿಕೊಂಡಳು. "ಟೀಚರ್, ನಮ್ಮಮ್ಮಗ ನೀವ ಕನ್ನಡ ಕಲಸ್ಬೇಕ್ರಿ. ಆಕಿಗೆ ಬಜಾರದ ಕನ್ನಡ ಅಷ್ಟ ಬರ್ತೈತಿ."

ಇಷ್ಟು ವರ್ಷ ಮೀನು ಮಾರಿದವಳಿಗೆ ಅರ್ಧ ಕನ್ನಡವಾದರೂ ಬಂದೇ ಬರುತ್ತದೆ, ಸ್ವಲ್ಪ ತಿದ್ದಿದರೆ ಮುಗಿಯಿತು ಎಂದು ನಾನು ಧೈರ್ಯ ಹೇಳಿದೆ. ಭಾನುವಾರ ಮೀನಿನಕ್ಕ ಬಂದಳು. ನಾನು ಆಕೆಯನ್ನು ಹಾಗೇ ಕರೆಯುತ್ತಿದ್ದೆ. "ಅಕ್ಕಾ, ನಿಮ್ಮ ಮನೀಗೆ ಬೀಗರು ಬಂದಾರ ಅಂತ ತಿಳಕೊ. ಏನಂತೀ?" ಎಂದೆ.

ಮೀನಿನಕ್ಕ ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು.

"ಬಾ. ಕೂಡು. ನೋಡು. ಮುಟ್ಟಬ್ಯಾಡ. ಬೇಕಂದ್ರ ತಗೋ, ಇಲ್ಲಂದ್ರ ಹೋಗು."

ಮರ್ಯಾದೆಯ ಮೀನು

ಆಕೆಯ ಕನ್ನಡವೆಲ್ಲ ಆಜ್ಞೆಯ ಕನ್ನಡ. ಕ್ರಿಯಾಪದ ಬಿಟ್ಟರೆ ಬೇರೇನಿಲ್ಲ, ಆ ಕ್ರಿಯಾಪದಕ್ಕೆ ಬಾಲವೂ ಇಲ್ಲ. ನಾನು ಮೊದಲು ಆ ಬಾಲ ಹಚ್ಚಲು ಕೂತೆ. "ಬಾ ಅನಬ್ಯಾಡ, ಬರ್ರಿ ಅನ್ನು. ಕೂಡು ಅನಬ್ಯಾಡ, ಕೂಡ್ರಿ ಅನ್ನು. ಎಲ್ಲಾದಕ್ಕೂ ಕಡೀಕ ರೀ ಇರ್ಲಿ." ಆಕೆಗೆ ಇದು ಹಿಡಿಸಿತು. ಎಷ್ಟು ಹಿಡಿಸಿತೆಂದರೆ, ಅಭ್ಯಾಸ ಆಗಲಿ ಎಂದು ಬಜಾರಿನಲ್ಲೂ ಶುರು ಮಾಡಿದಳು.

ಮುಂದಿನ ಭಾನುವಾರ ಮುಖ ಊದಿಸಿಕೊಂಡು ಬಂದಳು. "ಟೀಚರ್, ನಿಮ್ಮ ಮರ್ಯಾದಿ ಬ್ಯಾಡ್ರಿ. ಮೀನು ಉಳೀತ್ರಿ."

ಏನಾಯಿತು ಎಂದು ನಮ್ಮ ಮನೆಯವರು ಬಜಾರಿನಲ್ಲಿ ವಿಚಾರಿಸಿಕೊಂಡು ಬಂದರು. ದಿನವೂ 'ತಗೋ ಇಲ್ಲಂದ್ರ ಹೋಗು' ಎನ್ನುತ್ತಿದ್ದವಳು ಇದ್ದಕ್ಕಿದ್ದಂತೆ "ಬರ್ರಿ, ನೋಡ್ರಿ, ತಗೋರ್ರಿ" ಎಂದು ಕೈ ಮುಗಿದು ಕರೆದದ್ದೇ ತಡ, ಹಳೆಯ ಗಿರಾಕಿಗಳೆಲ್ಲ ಮೂಗು ಮುಚ್ಚಿಕೊಂಡು ಮುಂದೆ ಹೋಗಿದ್ದರು.

"ಇಕಿ ಇಷ್ಟು ಮರ್ಯಾದಿ ಕೊಡಾಕತ್ತಾಳಂದ್ರ," ಎಂದು ಒಬ್ಬ ಹೇಳಿದನಂತೆ, "ಮೀನು ನಿನ್ನೀದಲ್ಲ, ಮೊನ್ನೀದು."

ನಮ್ಮ ಮನೆಯವರ ಪುಲ್ಲಿಂಗ

ಬಜಾರಿಗೆ ಹಳೆಯ ಕನ್ನಡ, ಬೀಗರಿಗೆ ಹೊಸ ಕನ್ನಡ ಎಂದು ರಾಜಿ ಆಯಿತು. ಪಾಠ ಮುಂದುವರಿಯಿತು. ಮೀನಿನಕ್ಕ ಚುರುಕು. ಆದರೆ ಎರಡು ಕಡೆ ಎಡವುತ್ತಿದ್ದಳು. ಒಂದು, ನಮ್ಮ 'ಅ' ಎಲ್ಲ ಆಕೆಯ ಬಾಯಲ್ಲಿ ದುಂಡಗಾಗಿ 'ಒ' ಆಗುತ್ತಿತ್ತು, 'ಸ' ಎಲ್ಲ 'ಶ' ಆಗುತ್ತಿತ್ತು. ಬಾಯಿ ಎಷ್ಟು ತಿದ್ದಿದರೂ ತಿದ್ದಲಾಗಲಿಲ್ಲ, ನಾನೂ ಕೈಬಿಟ್ಟೆ (ಇಲ್ಲಿ ಬಹಳ ಕಡೆ ನಾನೇ ತಿದ್ದಿ ಬರೆದಿದ್ದೇನೆ). ಇನ್ನೊಂದು, ಬಂಗಾಳಿಯಲ್ಲಿ ಅವನು ಅವಳು ಎರಡಕ್ಕೂ ಒಂದೇ ಮಾತು, ಬಂದವರು ಗಂಡೋ ಹೆಣ್ಣೋ ಎಂದು ಕ್ರಿಯಾಪದ ತಲೆ ಕೆಡಿಸಿಕೊಳ್ಳುವುದಿಲ್ಲ. ನಮ್ಮದರಲ್ಲಿ ಬಂದಾನ, ಬಂದಾಳ, ಬಂದೈತಿ ಎಂದು ಮೂರು ಬಾಗಿಲು. ಆಕೆಗೆ ಮೂರು ಬೇಡವಾಗಿತ್ತು. ಕಲಿಸುತ್ತಿರುವವಳು ನಾನಾದ್ದರಿಂದ ನನ್ನ ಬಾಗಿಲೇ ಇರಲಿ ಎಂದು ಎಲ್ಲರನ್ನೂ ಅದರಲ್ಲೇ ಕರೆದುಕೊಂಡಳು.

ಒಂದು ಸಂಜೆ ನಮ್ಮ ಮನೆಯವರು ಹೊರಗಿನಿಂದ ಬಂದು ಚಪ್ಪಲಿ ಬಿಡುತ್ತಿದ್ದರು. ಮೀನಿನಕ್ಕ ಒಳಗಿದ್ದ ನನಗೆ ಕೂಗಿ ಹೇಳಿದಳು: "ಟೀಚರ್, ನಿಮ್ಮ ಗಂಡ ಬಂದಾಳ. ಚಾ ಕೇಳಾಕತ್ತಾಳ."

ನಮ್ಮ ಮನೆಯವರು ಬಾಗಿಲಲ್ಲೇ ನಿಂತರು. ನಾನು ನಗು ತಡೆಯಲಾಗದೆ ಗೋಡೆ ಹಿಡಿದುಕೊಂಡಿದ್ದೆ.

"ಈ ಮನಿಯಾಗ ನನ್ನ ಕಡೆ ಉಳದಿದ್ದದ್ದು ಪುಲ್ಲಿಂಗ ಒಂದ," ಎಂದರು. "ಇವತ್ತ ಅದನ್ನೂ ತಗೊಂಡ್ರಿ."

ಎಮ್ಮೆಯ ಬುದ್ಧಿ

ಮಾತುಕತೆಯ ದಿನ ಹತ್ತಿರ ಬಂದಾಗ ಹುಡುಗ ನಮ್ಮ ಮನೆಗೆ ಬಂದ. ಮುಖ ಬಾಡಿತ್ತು.

"ಟೀಚರ್, ನಮ್ಮಜ್ಜಿ ತಲಿ ಕೆಟ್ಟೈತೇನೋ ಅನಸಾಕತ್ತೈತ್ರಿ."

"ಯಾಕಪ್ಪ?"

"ಮಧ್ಯಾಹ್ನ ಆದ ಕೂಡ್ಲೆ ಮಗ್ಗಲ ಮನ್ಯಾಗ ಹೊಸದಾಗಿ ಬಾಡಗಿಗೆ ಬಂದ ಆಂಟಿ ಕಡೆ ಹೋಗಿ ಬಾಗಲಾ ಹಾಕ್ಕೊಂತಾಳ್ರಿ. ಅಲ್ಲಿಂದ ಬಂದು ಎಮ್ಮಿ ಮುಂದ ನಿಂತು ಏನೇನೋ ಮಾತಾಡ್ತಾಳ. ನಾ ಹತ್ರ ಹೋದ್ರ ಬಾಯಿ ಮುಚ್ತಾಳ."

ಎಮ್ಮೆಯ ಮುಂದೆ ನಿಂತು 'ಬ್ಯಾಡ' ಅನ್ನುವುದನ್ನೇ ಅಭ್ಯಾಸ ಮಾಡುತ್ತಿದ್ದಾಳೇನೋ ಎಂಬುದು ಅವನ ಭಯ. ಒಳಗೊಳಗೆ ನನಗೂ ಅದೇ ಭಯ ಹತ್ತಿತು. ಇತ್ತ ಮೀನಿನಕ್ಕ ಗೋಡೆಗೆ ನಮಸ್ಕಾರ ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡಿದ್ದಳು.

"ಏನ್ ಮಾತಾಡಾಕತ್ತೀ ಅಂತ ಅಜ್ಜಿನ್ನ ಕೇಳಬೇಕಿಲ್ಲೋ?" ಎಂದೆ.

"ಕೇಳಿದೆ ರೀ. ಎಮ್ಮಿಗಿರೋ ಬುದ್ಧಿ ನಿನಗಿಲ್ಲ, ಅದು ಮಾತಿನ ನಡುವ ಬಾಯಿ ಹಾಕಂಗಿಲ್ಲ ಅಂದ್ಲು."

ಮಸ್ಕಿಯಲ್ಲಿ ಬಾಯಿ ಬಂದ್

ಸಿಂಧನೂರಿನವರಿಗೂ ತೊಂದರೆ ಬೇಡ, ಲಿಂಗಸುಗೂರಿನವರಿಗೂ ತೊಂದರೆ ಬೇಡ, ನಡುವೆ ಮಸ್ಕಿಯಲ್ಲಿ ಸೇರೋಣ ಎಂದು ಆಯಿತು. ಅಲ್ಲಿ ನಾನು ಹಿಂದೆ ಬಾಡಿಗೆಗಿದ್ದ ಮನೆಯ ಪಡಸಾಲೆಯಲ್ಲಿ ಜಮಖಾನ ಹಾಸಿದರು. ಒಂದು ಕಡೆ ಅಜ್ಜಿ, ಅವಳ ಮಗ, ಮೊಮ್ಮಗ. ಇನ್ನೊಂದು ಕಡೆ ಮೀನಿನಕ್ಕ, ಮಗಳು, ನಾನು. ಅಜ್ಜಿ ಬೆರಳೆತ್ತಿ, "ನಾವಿಬ್ರು ಬಿಟ್ಟು ಯಾರೂ ಬಾಯಿ ಬಿಚ್ಚಂಗಿಲ್ಲ" ಎಂದಳು. ಹುಡುಗಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಅಜ್ಜಿ ಮೀನಿನಕ್ಕನ ಕಡೆ ತಿರುಗಿ, ಎದೆ ಸೆಟೆಸಿ ಹೇಳಿದಳು: "ಬಾಗುನ್ನಾರಾ ಅಮ್ಮಾ? ಕೂರ್ಚೋಂಡಿ."

ಚೆನ್ನಾಗಿದ್ದೀರಾ, ಕೂತುಕೊಳ್ಳಿ ಎಂದು, ಅಚ್ಚ ತೆಲುಗಿನಲ್ಲಿ. ನನಗೆ ಆಗ ಎಲ್ಲ ಬೆಳಕಾಯಿತು. ತುಂಗಭದ್ರಾ ಕಾಲುವೆ ಬಂದಾಗ ಆಂಧ್ರದ ರೈತರು ಬಂದು ಕ್ಯಾಂಪು ಕಟ್ಟಿಕೊಂಡರಲ್ಲ, ಅಂದಿನಿಂದ ಈ ಕಡೆ ಕ್ಯಾಂಪು ಎಂದರೆ ತೆಲುಗಿನವರು ಎಂದೇ ಲೆಕ್ಕ. ಮೊಮ್ಮಗ ಕ್ಯಾಂಪಿನ ಹುಡುಗಿ ಎಂದಷ್ಟೇ ಹೇಳಿದ್ದ. ಬಂಗಾಳಿಯವರದೂ ಒಂದು ಕ್ಯಾಂಪು ಇದೆ ಎಂದು ಅಜ್ಜಿಗೆ ಯಾರೂ ಹೇಳಿರಲಿಲ್ಲ. ಬೀಗರು ತಮ್ಮೊಳಗೆ ಏನು ಮಾತಾಡಿಕೊಳ್ಳುತ್ತಾರೆ ಎಂದು ತಿಳಿಯಲಿ ಎಂದು, ಗುಟ್ಟಾಗಿ ತೆಲುಗಿನ ಆಂಟಿಯ ಹತ್ತಿರ ತೆಲುಗು ಕಲಿತಿದ್ದಳು. ಎಮ್ಮೆ ಇಷ್ಟು ದಿನ ಕೇಳಿದ್ದು ಅದನ್ನೇ.

ನಾನು ಬಾಯಿ ತೆರೆದೆ. ಅಜ್ಜಿಯ ಬೆರಳು ನನ್ನ ಕಡೆ ತಿರುಗಿತು. ಮುಚ್ಚಿದೆ.

ಮೀನಿನಕ್ಕ ಗಾಬರಿಯಾಗಲಿಲ್ಲ. ಬಜಾರಿನಲ್ಲಿ ತೆಲುಗಿನ ಗಿರಾಕಿಗಳು ದಿನವೂ ಬರುವವರೇ, ಮಾತು ತಿಳಿಯಿತು. ಲಿಂಗಸುಗೂರಿನವರ ಕನ್ನಡದಲ್ಲಿ ತೆಲುಗೂ ಬೆರೆತಿರುತ್ತದೇನೋ ಎಂದುಕೊಂಡು ತಾನು ಕಲಿತದ್ದನ್ನು ಒಪ್ಪಿಸಿದಳು: "ನೊಮೊಶ್ಕಾರ್ರೀ ಒಮ್ಮಾ. ಆರಾಮ್ ಒದೀವ್ರಿ. ನೀವು ಆರಾಮ್ ಇದ್ದೀರೇನ್ರೀ?"

ಅಜ್ಜಿಯ ಮುಖ ಅರಳಿತು. ಮಗನ ಕಡೆ ತಿರುಗಿ, "ಏನಂದ್ಲಂದ್ರ, ಆರಾಮ ಅದೀವಿ, ನೀವು ಆರಾಮ ಇದ್ದೀರೇನು ಅಂತ" ಎಂದು ಕನ್ನಡವನ್ನು ಕನ್ನಡಕ್ಕೆ ಅನುವಾದ ಮಾಡಿದಳು. ಮಗ ಗೋಣು ಹಾಕಿದ.

"ಈ ಪೆಳ್ಳಿ ಮೀಕು ಇಷ್ಟಮೇನಾ?" ಎಂದಳು ಅಜ್ಜಿ. ಈ ಮದುವೆ ನಿಮಗೆ ಇಷ್ಟವೇ ಎಂದು.

"ಇಷ್ಟೊ ಐತ್ರೀ ಒಮ್ಮಾ. ಮೊಗಳು ನಿಮ್ಮೊಳು."

"ಇಷ್ಟ ಐತಿ, ಮಗಳು ನಿಮ್ಮಾಕಿ ಅಂತಾಳ," ಎಂದು ಅಜ್ಜಿ ಎಲ್ಲರಿಗೂ ತಿಳಿಸಿದಳು. "ತೆಲುಗು ಇಷ್ಟು ಹಗುರ ಇರ್ತೈತಂತ ಗೊತ್ತಿದ್ದಿಲ್ಲ. ಸುಮ್ಮನ ಹೆದರಿದ್ದೆ. ನನಗ ಒಪ್ಪಿಗೈತಿ."

ಹುಡುಗಿ ತಾಯಿಯ ಹೆಗಲಿಗೆ ಒರಗಿ ಬಂಗಾಳಿಯಲ್ಲಿ ಏನೋ ಪಿಸುಗುಟ್ಟಿದಳು. ತಾಯಿ ಅಳುತ್ತಾ ಬಂಗಾಳಿಯಲ್ಲೇ ಉತ್ತರ ಕೊಟ್ಟಳು. ಅಜ್ಜಿ ಕಿವಿ ನಿಮಿರಿಸಿ ಕೇಳಿದಳು. ಮುಖದ ಮೇಲಿನ ನಗು ನಿಧಾನವಾಗಿ ಇಳಿಯಿತು.

"ಇದು ಯಾವ ತೆಲುಗು?"

ಎಲ್ಲರೂ ನನ್ನನ್ನೇ ನೋಡಿದರು. ಹೇಳಬೇಕಾಯಿತು. "ಅಮ್ಮಾ, ಇವರು ಬಂಗಾಳಿ ಕ್ಯಾಂಪಿನವರು. ಈಗ ಪಿಸುಗುಟ್ಟಿದ್ದು ಬಂಗಾಳಿ. ಅದಕ್ಕೂ ಮೊದ್ಲು ನಿಮ್ಮ ಮುಂದ ಮಾತಾಡಿದ್ದು ಕನ್ನಡ."

ಅಜ್ಜಿ ನೆಲ ನೋಡುತ್ತಾ ಕೂತಳು. ಬೀಗರ ಮುಂದೆ ಹೀಗೆ ಪೆಚ್ಚಾದ ಹಿರಿಯಾಕೆ ಎದ್ದು ಹೋದರೆ ಯಾರೂ ತಪ್ಪು ಅನ್ನುವಂತಿಲ್ಲ. ಹುಡುಗನ ಮುಖ ನೋಡಲು ಧೈರ್ಯ ಬರಲಿಲ್ಲ.

ಕೊನೆಗೆ ಅಜ್ಜಿ ಕೇಳಿದಳು: "ಆಕಿ ಮಾತಾಡಿದ್ದು ಕನ್ನಡಾ?"

"ಹೌದ್ರಿ."

"ಮತ್ತ ನಾ ಮಾತಾಡಿದ್ದು?"

"ತೆಲುಗು. ಛಲೋ ಇತ್ರಿ."

"ಆಕಿಗೆ ತಿಳೀತಾ?"

"ತಿಳೀತ್ರಿ ಒಮ್ಮಾ," ಎಂದಳು ಮೀನಿನಕ್ಕ.

ಅಜ್ಜಿ ನನ್ನ ಕಡೆ ತಿರುಗಿದಳು. "ಆತು ಬಿಡು. ಆದ್ರ ಟೀಚರಮ್ಮ, ನಾ ಕಲ್ತದ್ದು ಅವರೊಳಗ ಅವರು ಏನ್ ಮಾತಾಡ್ತಾರ ತಿಳೀಲಿ ಅಂತ. ಅದ ತಿಳೀಲಿಲ್ಲಲ್ಲ. ಈ ಬಂಗಾಳಿ ಕಲಸೋರು ಯಾರರ ಅದಾರೇನು?"

ಸಂತೋಷ ಉಕ್ಕಿ ಬಂದಾಗ ಕಲಿತ ವ್ಯಾಕರಣ ನಿಲ್ಲುವುದಿಲ್ಲ ಎಂದು ನಾನು ಅವತ್ತು ತಿಳಿದೆ. ಮೀನಿನಕ್ಕ ಕಣ್ಣು ಒರೆಸಿಕೊಂಡು ಮುಂದೆ ಸರಿದಳು. ನಾನು ಹಚ್ಚಿದ 'ರೀ'ಗಳೆಲ್ಲ ಉದುರಿ ಹೋದವು. ಬಜಾರಿನ ಗಂಟಲಿನಲ್ಲಿ, ಲಿಂಗಸುಗೂರಿನ ಆ ಅಜ್ಜಿಗೆ, ಮನೆಯಲ್ಲಿ ಯಾರೂ ಎದುರು ನಿಲ್ಲದ ಆ ಅಜ್ಜಿಗೆ ಹೇಳಿದಳು:

"ನಾ ಕಲಸ್ತೀನಿ. ದಿನಾ ಫೋನ್ ಹಚ್ಚು. ಕೂಡು. ಕೇಳು. ಕಲಿ."

ಹುಡುಗಿ ಮುಖ ಮುಚ್ಚಿಕೊಂಡಳು.

ಅಜ್ಜಿ ಮೀನಿನಕ್ಕನನ್ನೇ ನೋಡಿದಳು. ಆಮೇಲೆ ನಗತೊಡಗಿದಳು. ಆಕೆಯ ಕೈ ಹಿಡಿದು ತನ್ನ ಮಗ್ಗುಲಿಗೆ ಎಳೆದು ಕೂಡಿಸಿಕೊಂಡಳು.

"ಈಗ ಬೀಗತಿ ಮಾತಾಡಿದಂಗಾತು," ಎಂದಳು. "ಇಲ್ಲೀತನಾ ಟೀಚರ್ ಮಾತಾಡಿದಂಗಿತ್ತು."