ಬೀಗರಿಗೊಂದು ಬೇಟೆ ಕತ್ತಿ

ಕೆಟ್ಟ ಗಂಡನ ಜೊತೆ ಹೇಗೋ ಬಾಳಬಹುದು, ಮೊಂಡು ಕತ್ತಿಯ ಜೊತೆ ಬಾಳುವುದಕ್ಕಾಗುವುದಿಲ್ಲ. ಎರಡನ್ನೂ ಮಾಡಿ ನೋಡಿದವಳು ನಾನು, ಅದಕ್ಕೇ ಹೇಳುತ್ತಿದ್ದೇನೆ. ಗಂಡ ಕೆಟ್ಟವನಾದರೆ ಅವನು ಹೊರಗೆ ಹೋದಾಗಲಾದರೂ ನೆಮ್ಮದಿ ಇರುತ್ತದೆ. ಕತ್ತಿ ಮೊಂಡಾದರೆ ಅದು ಮೂರು ಹೊತ್ತೂ ಅಡುಗೆಮನೆಯಲ್ಲೇ ಬಿದ್ದಿರುತ್ತದೆ. ಆದರೂ ನೋಡಿ, ಗಂಡು ನೋಡುವುದಕ್ಕೆ ಬಂಡಿ ತುಂಬ ಜನ ಹೊರಡುತ್ತಾರೆ, ಕತ್ತಿ ನೋಡುವುದಕ್ಕೆ ಯಾರೂ ಜೊತೆಗೆ ಬರುವುದಿಲ್ಲ. ನನ್ನ ಮೊಮ್ಮಗಳ ಮದುವೆಯಲ್ಲಿ ಮಾತ್ರ ಎಲ್ಲ ತಿರುಗಾಮುರುಗಾ ಆಯಿತು. ಗಂಡನ್ನು ಅವಳೊಬ್ಬಳೇ ನೋಡಿಕೊಂಡಳು. ಕತ್ತಿ ನೋಡುವುದಕ್ಕೆ ಮನೆಮಂದಿಯೆಲ್ಲ ಹೋದೆವು.

ನಾನಿರುವುದು ಮಗಳು ಸುಧಾಳ ಮನೆಯಲ್ಲಿ, ಸ್ಯಾನ್ ಡಿಯಾಗೋದ ಕಾರ್ಮೆಲ್ ವ್ಯಾಲಿಯಲ್ಲಿ. ಅಳಿಯ ನಾಗರಾಜ ಫೋನಿನ ಕಂಪನಿಯಲ್ಲಿ ಇಂಜಿನಿಯರು. ಮೊಮ್ಮಗಳು ಮೇಘ ಲಾ ಹೋಯಾದಲ್ಲಿ ಸಮುದ್ರದ ವಿದ್ಯೆ ಓದುತ್ತಾ ಓದುತ್ತಾ ಡ್ಯಾನಿಯಲ್ ಅನ್ನುವ ಹುಡುಗನನ್ನು ಒಪ್ಪಿಕೊಂಡಳು. ಹುಡುಗ ಒಳ್ಳೆಯವನು, ಉದ್ದ ಸ್ವಲ್ಪ ಜಾಸ್ತಿ. ತಾಯಿ ಇಲ್ಲ. ಅಪ್ಪ ವಾಲ್ಟರ್ ಲಾಸ್ ಏಂಜಲೀಸಿನ ಕಡೆ ಟೊರೆನ್ಸ್ ಅನ್ನುವಲ್ಲಿ ವಿಮಾನದ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ಅವರಿಗಿರುವುದು ಒಬ್ಬ ಮಗ, ಒಂದು ಹುಚ್ಚು. ಹುಚ್ಚು ಅಂದರೆ ಬೇಟೆ. ಸೀಸನ್ ಬಂದರೆ ಲೈಸೆನ್ಸ್ ಜೇಬಿಗಿಟ್ಟುಕೊಂಡು ಬೆಟ್ಟ ಹತ್ತಿ ಜಿಂಕೆ ಹೊಡೆದು ತರುತ್ತಾರೆ.

ನಮ್ಮ ಮನೆತನದ್ದೂ ಹೇಳಿಬಿಡುತ್ತೇನೆ. ನಾವು ಮದ್ದೂರಿನ ಕಡೆಯ ಒಕ್ಕಲಿಗರು. ಪಿತೃಪಕ್ಷದ ಎಡೆಯಲ್ಲಿ ಬಾಡು ಇಲ್ಲದಿದ್ದರೆ ಸತ್ತವರೂ ಸಿಟ್ಟಾಗುವ ಮನೆ. ನನ್ನ ಗಂಡನಿಗೆ ಕುಡಿದು ಕುಡಿದು ಕೈ ನಡುಗುತ್ತಿತ್ತು, ಹಾಗಾಗಿ ಕುರಿ ಮೇಕೆ ಕೊಯ್ಯುವುದು ನನ್ನ ಪಾಲಿಗೆ ಬಂತು. ಹೆಂಗಸು ಕತ್ತಿ ಹಿಡಿದಳು ಅಂತ ಊರವರು ಆಡಿಕೊಂಡರು. ಆಮೇಲೆ ಅವರ ಮನೆಯ ಮೇಕೆಗೂ ನನ್ನನ್ನೇ ಕರೆದರು. ಆ ಕೈಯಲ್ಲಿ ಬೆಳೆದ ಸುಧಾ ಕಾರ್ಮೆಲ್ ವ್ಯಾಲಿಯಲ್ಲಿ ಮನೆ ಮಾಡಿದ ಮೇಲೆ ಸಸ್ಯಾಹಾರಿಯಾದಳು. ಶುಕ್ರವಾರದ ಭಜನೆಗೆ ಬರುವ ಹೆಂಗಸರೆಲ್ಲ ತಿನ್ನದವರು, ಇವಳೂ ತಿನ್ನದವಳಾದಳು. ಅಳಿಯ ಆಫೀಸಿನ ಹತ್ತಿರ ಕೋಳಿ ತಿಂದು ಕಾರಿನಲ್ಲೇ ಸೋಂಪು ಅಗಿದು ಮನೆಗೆ ಬರುತ್ತಾನೆ. ನಾನು ಸೊಪ್ಪಿನ ಸಾರು ಉಂಡು ತೆಪ್ಪಗಿರುತ್ತೇನೆ.

ಬೀಗರು ಮೊದಲ ಸಲ ನಮ್ಮಲ್ಲಿಗೆ ಊಟಕ್ಕೆ ಬಂದಾಗ, ಬರಿಗೈಯಲ್ಲಿ ಬರಬಾರದು ಅಂತ ಐಸ್ ತುಂಬಿದ ಡಬ್ಬಿಯಲ್ಲಿ ತಾವೇ ಹೊಡೆದ ಜಿಂಕೆಯ ಮಾಂಸ ತಂದರು. ಟೊರೆನ್ಸಿನಿಂದ ಇಲ್ಲಿಗೆ ಟ್ರಾಫಿಕ್ಕಿನಲ್ಲಿ ಬರುವುದೆಂದರೆ ಅರ್ಧ ದಿನದ ಕೆಲಸ. ಸುಧಾ ಬಾಗಿಲಿಗೆ ಅಡ್ಡ ನಿಂತಳು. ನಮ್ಮ ವಂಶದಲ್ಲೇ ಯಾರೂ ಮುಟ್ಟಿದವರಲ್ಲ, ನಮ್ಮ ಧರ್ಮದಲ್ಲಿ ಪಾಪ, ವಾಸನೆ ಕೂಡ ಒಳಗೆ ಬರಬಾರದು ಅಂದಳು. ವಂಶದ ಹಿರಿಯಳು ನಾನು ಅವಳ ಬೆನ್ನ ಹಿಂದೆಯೇ ನಿಂತಿದ್ದೆ. ಆ ಮನುಷ್ಯ ಕಿವಿಯವರೆಗೂ ಕೆಂಪಾಗಿ, ಸಾರಿ ಸಾರಿ ಅನ್ನುತ್ತಾ ಡಬ್ಬಿಯನ್ನು ಕಾರಿನಲ್ಲಿಟ್ಟು ಬಂದು, ಬಿಸಿಬೇಳೆಬಾತ್ ತಿಂದು, ತಲೆ ಎತ್ತದೆ ಎದ್ದು ಹೋದರು.

ಅಲ್ಲಿಂದ ಶುರುವಾಯಿತು. ಬೀಗರು ಮಗನ ಹತ್ತಿರ, ಆ ಮನೆಯವರ ಕಣ್ಣಿಗೆ ನಾನೊಬ್ಬ ಕಟುಕ, ಮದುವೆಗೆ ನಾನು ಬರದಿದ್ದರೇ ಅವರಿಗೆ ಹಿತ ಅಂದರಂತೆ. ಅಪ್ಪ ಬರದ ಮದುವೆ ನನಗೆ ಬೇಡ, ಸ್ವಲ್ಪ ಮುಂದಕ್ಕೆ ಹಾಕೋಣ ಅಂತ ಡ್ಯಾನಿಯಲ್ ಮೇಘಳಿಗೆ ಅಂದ. ಇಲ್ಲಿಯವರಿಗೆ ಮುಂದಕ್ಕೆ ಹಾಕುವುದು ಅಂದರೆ ಅಷ್ಟೇ, ಮುಂದಕ್ಕೆ ಹಾಕುವುದು. ನಮ್ಮ ಕಡೆ ಮುಂದಕ್ಕೆ ಹಾಕಿದ ಮದುವೆ ಮುರಿದ ಮದುವೆ. ಮೇಘ ಊಟ ಬಿಟ್ಟಳು, ಸುಧಾ ನಿದ್ದೆ ಬಿಟ್ಟಳು. ಸುಳ್ಳನ್ನು ಮಾತ್ರ ಬಿಡಲಿಲ್ಲ.

ಬೀಗರು ಮುನಿಸಿಕೊಂಡಿದ್ದರೆ ಜವಳಿಗೆ ಕರೆಯಿರಿ ಅಂದೆ ನಾನು. ಮದುವೆಯ ಬಟ್ಟೆ ತೆಗೆಯುವುದಕ್ಕೆ ಎರಡು ಕಡೆಯವರೂ ಒಂದೇ ಅಂಗಡಿಯಲ್ಲಿ ಕೂತರೆ ಮುನಿಸು ಅಲ್ಲೇ ಒಡೆದು ಹೋಗುತ್ತದೆ. ಬೀಗರಾದವರು ಎರಡು ಸಲ ಬೇಡ ಅನ್ನಬೇಕು, ಮೂರನೆಯ ಸಲ ಹೂಂ ಅನ್ನಬೇಕು, ಅದು ರೂಢಿ. ಸುಧಾ ಸಿಡುಕಿದಳು. ಅವರಿಗೇನು ಪಂಚೆ ಉಡಿಸ್ತೀಯಾ ಅಂದಳು. ಆಗ ಅಳಿಯನ ತಲೆ ಓಡಿತು. ಪಂಚೆ ಬೇಡ, ಒಂದು ಒಳ್ಳೆಯ ಬೇಟೆ ಕತ್ತಿ ಕೊಡಿಸೋಣ, ನಿಮ್ಮ ಬೇಟೆಯ ಮೇಲೆ ನಮಗೆ ಗೌರವ ಇದೆ ಅಂತ ತೋರಿಸಿದ ಹಾಗೂ ಆಗುತ್ತದೆ ಅಂದ. ಮದುವೆಗೆ ಹರಿತವಾದದ್ದು ಕೊಡಬಾರದು, ಸಂಬಂಧ ಕತ್ತರಿಸುತ್ತದೆ ಅಂತ ಸುಧಾ ರಾಗ ತೆಗೆದಳು. ನಿನ್ನ ನಾಲಿಗೆ ಆಗಲೇ ಆ ಕೆಲಸ ಮಾಡಿದೆ, ಕತ್ತಿಗೆ ಇನ್ನೇನು ಉಳಿದಿದೆ ಅಂದೆ. ಅಳಿಯ ವಾರವಿಡೀ ಕಂಪ್ಯೂಟರಿನಲ್ಲಿ ಕತ್ತಿಗಳನ್ನು ಓದಿದ. ಉಕ್ಕಿಗೂ ಹೆಸರು ನಂಬರು ಇರುತ್ತದಂತೆ. ಸೇಬು ಹೆಚ್ಚಿದರೆ ಬೆರಳಿಗೆ ಪಟ್ಟಿ ಸುತ್ತಿಕೊಳ್ಳುವ ಗಂಡಸು, ಊಟಕ್ಕೆ ಕೂತಾಗಲೆಲ್ಲ ಉಕ್ಕಿನ ಮಾತೇ ಆಡಿದ.

ಶನಿವಾರ ಹೊರಟೆವು. ಟೊರೆನ್ಸಿನ ಹತ್ತಿರದ ಬೇಟೆ ಸಾಮಾನಿನ ದೊಡ್ಡ ಅಂಗಡಿಗೆ ಬೀಗರೂ ಡ್ಯಾನಿಯಲ್ಲೂ ಬರುತ್ತೇವೆ ಅಂದಿದ್ದರು. ಆ ವರ್ಷ ನೀರಿಗೆ ಕಟ್ಟುಪಾಡು, ಎಲ್ಲರ ಮನೆ ಮುಂದಿನ ಹುಲ್ಲೂ ಒಣಗಿ ಚಾಪೆಯಾಗಿತ್ತು. ಕಾರಿನೊಳಗೆ ನಮ್ಮ ಮುಖಗಳೂ ಹಾಗೇ ಇದ್ದವು. ಅಂಗಡಿ ಹತ್ತಿರ ಬಂದಾಗ ಸುಧಾ ಹಿಂದಕ್ಕೆ ತಿರುಗಿದಳು.

"ಅಮ್ಮ, ಅಲ್ಲಿ ನೀನು ಬಾಯಿ ಬಿಡಬೇಡ. ಕಾಲಿಗೆ ಬೀಳ್ತೀನಿ. ಮೇಘನ ಲೈಫ್ ಇದು."

ಆಯ್ತು ಕಣವ್ವ ಅಂದೆ. ಹೇಗೂ ಇಂಗ್ಲಿಷು ನನಗೆ ಕಿವಿಗೆ ಹೋಗುತ್ತದೆ, ಬಾಯಿಂದ ಬರುವುದಿಲ್ಲ. ಹಗಲೆಲ್ಲ ಟೀವಿ ನೋಡಿದ್ದರ ಫಲ ಅಷ್ಟೇ.

ಅಂಗಡಿಯ ಗೋಡೆಯ ತುಂಬ ಜಿಂಕೆಯ ತಲೆಗಳು. ಸುಧಾ ನೆಲ ನೋಡಿಕೊಂಡು ನಡೆದಳು. ಬೀಗರು ಟೋಪಿ ಹಾಕಿಕೊಂಡು ಎರಡು ಕೈಯನ್ನೂ ಜೇಬಿನಲ್ಲಿಟ್ಟು ನಿಂತಿದ್ದರು. ಹಲೋ ಅಂದರು, ಕೈ ಹೊರಗೆ ಬರಲಿಲ್ಲ. ಅಂಗಡಿಯವನು ಗಾಜಿನ ಪೆಟ್ಟಿಗೆಯ ಬೀಗ ತೆಗೆದು ಹಸಿರು ಬಟ್ಟೆಯ ಮೇಲೆ ಒಂದೊಂದೇ ಕತ್ತಿ ಹರಡಿದ, ಥೇಟ್ ಸೀರೆ ಅಂಗಡಿಯವನ ಹಾಗೆ. ಅಳಿಯ ಫೋನು ನೋಡಿ ಉಕ್ಕಿನ ನಂಬರು ಓದಿದ. ಸುಧಾ ಒಂದರ ಹಿಡಿ ಚೆನ್ನಾಗಿದೆ ಅಂದು, ಇದೇ ಬೇರೆ ಬಣ್ಣದಲ್ಲಿ ಇದೆಯಾ ಅಂತ ಕೇಳಿದಳು. ಅಂಗಡಿಯವನು ಅವಳ ಮುಖ ನೋಡಿದ. ಬೀಗರು ಯಾವುದನ್ನೂ ಮುಟ್ಟಲಿಲ್ಲ. ನನ್ನ ಹತ್ತಿರ ಕತ್ತಿ ಇದೆ ಅಂದರು. ಅಳಿಯ ಇನ್ನೊಂದು ತೋರಿಸಿದ. ನನ್ನದು ಚೆನ್ನಾಗಿಯೇ ಇದೆ ಅಂದರು. ಎರಡು ಬೇಡ ಆಯಿತು, ಇನ್ನು ಮೂರನೆಯದು ಹೂಂ ಅಂತ ನಾನು ಉಸಿರು ಹಿಡಿದೆ. ಅವರಿಗೆ ನಮ್ಮ ರೂಢಿ ಯಾರು ಹೇಳಿಕೊಟ್ಟಿದ್ದಾರೆ. ಅವರು ಸುಧಾಳ ಕಡೆ ತಿರುಗಿ, ನಾನು ಮಾಡುವ ಕೆಲಸವೇ ನಿಮಗೆ ಹೇಸಿಗೆ, ಅದಕ್ಕೆ ಆಯುಧ ಯಾಕೆ ಕೊಡಿಸುತ್ತೀರಿ ಅಂತ ಕೇಳಿದರು. ಜೋರಾಗಿ ಕೇಳಲಿಲ್ಲ. ಜೋರಾಗಿ ಕೇಳಿದ್ದರೆ ವಾಸಿಯಿತ್ತು.

ಮೇಘ ಡ್ಯಾನಿಯಲ್ಲನ ತೋಳು ಹಿಡಿದಿದ್ದಳು, ಅವನು ಅಪ್ಪನನ್ನು ನೋಡುತ್ತಿದ್ದ. ನನಗೆ ಸುಮ್ಮನೆ ನಿಲ್ಲಲಾಗಲಿಲ್ಲ. ಬಾಯಿ ಬಿಡಬೇಡ ಅಂದಿದ್ದಳೇ ಹೊರತು ಕೈ ಹಾಕಬೇಡ ಅಂದಿರಲಿಲ್ಲ. ಇದ್ದುದರಲ್ಲಿ ದೊಡ್ಡ ಕತ್ತಿ ಬೇಕು ಅಂತ ಸನ್ನೆ ಮಾಡಿದೆ. ಅಂಗಡಿಯವನು ಕೈಗೇ ಕೊಡಲು ಬಂದ. ಕತ್ತಿ ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆ, ಕೆಳಗಿಡು ಅಂತ ತೋರಿಸಿ, ಬಟ್ಟೆಯ ಮೇಲಿನಿಂದ ಎತ್ತಿಕೊಂಡೆ. ತೂಕ ನೋಡಿದೆ. ಕತ್ತಿಯ ಬಾಯಿಗೆ ಅಡ್ಡಡ್ಡಲಾಗಿ ಹೆಬ್ಬೆರಳು ಸವರಿದೆ. ಬೆನ್ನಿಗೆ ಉಗುರಿನಿಂದ ತಟ್ಟಿ ಸದ್ದು ಕೇಳಿದೆ. ತಲೆ ಎತ್ತಿದರೆ ಬೀಗರು ನನ್ನ ಕೈಯನ್ನೇ ನೋಡುತ್ತಿದ್ದಾರೆ. ಇದರಲ್ಲಿ ಏನು ಮಾಡುತ್ತಾರಂತೆ ಕೇಳು ಅಂತ ಮೇಘಳಿಗೆ ಅಂದರು.

"ಕುತ್ತಿಗೆಗೆ ಇದು," ಅಂದೆ. "ಒಂದೇ ಏಟಿಗೆ ಆಗಬೇಕು. ಎರಡನೇ ಏಟು ಪಾಪ."

ಮೇಘ ಬಾಯಿ ತೆರೆದಳು. ಅಷ್ಟರಲ್ಲಿ ಸುಧಾ ನಡುವೆ ಬಿದ್ದು, ಹಲಸಿನ ಹಣ್ಣು ಅಂದಳು. ಊರಿನಲ್ಲಿ ಅಮ್ಮ ತುಂಬಾ ಹಲಸಿನ ಹಣ್ಣು ಹೆಚ್ಚುತ್ತಿದ್ದರು ಅಂತ ಇಂಗ್ಲಿಷಿನಲ್ಲಿ ವಿವರಿಸಿದಳು. ಎಷ್ಟು ದೊಡ್ಡ ಹಣ್ಣು ಅಂತ ಕೈ ಅಗಲಿಸಿಯೂ ತೋರಿಸಿದಳು. ಬೀಗರು ತಲೆಯಾಡಿಸಿದರು. ಹಣ್ಣಿಗಾದರೆ ಇದು ಸರಿ, ಜಿಂಕೆಗೆ ಉಪಯೋಗವಿಲ್ಲ, ಹೊಟ್ಟೆಯೊಳಗೆ ಕೈ ಹಾಕಿದಾಗ ಇಷ್ಟುದ್ದದ ತುದಿ ಕರುಳಿಗೆ ಚುಚ್ಚಿ ಮಾಂಸವೆಲ್ಲ ಕೆಡುತ್ತದೆ, ಪಾಪ, ಈ ಅಜ್ಜಿಗೆ ಹೇಗೆ ಗೊತ್ತಾಗಬೇಕು ಅಂದರು.

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಬೇಟೆಯಲ್ಲಿ ಗುಂಡು ಕೊಂದಿರುತ್ತದೆ, ಕತ್ತಿಗಿರುವುದು ಆಮೇಲಿನ ನಾಜೂಕು ಕೆಲಸ. ನಾನು ಮಚ್ಚಿನ ಲೆಕ್ಕದಲ್ಲಿ ಆರಿಸಿದ್ದೆ. ಆದರೆ ಆ 'ಪಾಪ' ಇದೆಯಲ್ಲ, ಅದು ತಡೆಯಲಿಲ್ಲ. ನನ್ನ ಹೆಸರು ಕೇಳಿದರೆ ಒಂದು ಊರಿನ ಮೇಕೆಗಳೆಲ್ಲ ಹಗ್ಗ ಕಿತ್ತುಕೊಳ್ಳುತ್ತಿದ್ದವು, ಅಂಥ ನನಗೆ ಹಣ್ಣು ಹೆಚ್ಚುವವಳು ಅನ್ನುವ ಬಿರುದು. ಬಾಯಿಂದ ಬಾರದ ಇಂಗ್ಲಿಷು ಬಂದೇ ಬಂತು.

"ನೋ ಫ್ರೂಟ್," ಅಂದೆ. "ಗೋಟ್. ಐ ಕಟ್ ಗೋಟ್. ಆಲ್ ಈಟ್." ಸುಧಾಳ ಕಡೆ ಬೆರಳು ತೋರಿಸಿದೆ. "ಶೀ ಈಟ್ ಲಿವರ್."

ಬೀಗರು ಮೇಘಳನ್ನು ನೋಡಿದರು, ಅಳಿಯನನ್ನು ನೋಡಿದರು. ಅಳಿಯ ಫೋನು ನೋಡಿದ. ಕೊನೆಗೆ ಅವರ ಕಣ್ಣು ಸುಧಾಳ ಮೇಲೆ ನಿಂತಿತು. ಅವರು ಅಂದದ್ದು ನನಗೆ ಚೆನ್ನಾಗಿ ಅರ್ಥವಾಯಿತು.

"ಹಾಗಾದರೆ ನಿಮಗೆ ಬೇಡವಾಗಿದ್ದು ಮಾಂಸ ಅಲ್ಲ. ನಾನು."

ಅಷ್ಟು ಹೇಳಿ ಹೊರಗೆ ಹೋದರು. ಡ್ಯಾನಿಯಲ್ ಅವರ ಹಿಂದೆ ಓಡಿದ. ಮೇಘ ನನ್ನ ಕಡೆ ತಿರುಗಿ, "ಅಜ್ಜಿ, ವಾಟ್ ಡಿಡ್ ಯು ಡೂ," ಅಂದಳು. ಅವಳು ಹಾಗೆ ನನ್ನ ಹತ್ತಿರ ಯಾವತ್ತೂ ಮಾತಾಡಿದವಳಲ್ಲ. ಅಂಗಡಿಯವನು ಒಂದೊಂದೇ ಕತ್ತಿಯನ್ನು ಒರೆಸಿ ಪೆಟ್ಟಿಗೆಗೆ ವಾಪಸ್ ಇಡತೊಡಗಿದ. ಜವಳಿ ಅಂಗಡಿಯಲ್ಲಿ ಸೀರೆ ಮಡಿಸಿ ಒಳಗಿಟ್ಟರು ಅಂದರೆ ಗಿರಾಕಿಯೂ ಹೋದ, ಸಂಬಂಧವೂ ಹೋಯಿತು ಅಂತ ಅರ್ಥ. ನನ್ನ ಕೈಯಲ್ಲಿ ಇನ್ನೂ ಆ ದೊಡ್ಡ ಕತ್ತಿ ಇತ್ತು. ಅವನಿಗೆ ಅದನ್ನು ಕೇಳುವುದಕ್ಕೆ ಹೆದರಿಕೆ, ನನಗೆ ಇಡುವುದಕ್ಕೆ ತೋಚದು.

ಸುಧಾ ಅಳಲಿಲ್ಲ. ಸೆರಗಿಲ್ಲದ ಬಟ್ಟೆಯಲ್ಲಿ ಸೆರಗು ಸರಿಮಾಡಿಕೊಂಡ ಹಾಗೆ ಮಾಡಿ ಹೊರಗೆ ನಡೆದಳು. ನಾನು ಕತ್ತಿ ಇಟ್ಟು ಹಿಂದೆಯೇ ಹೋದೆ. ಬೀಗರು ಕಾರಿನ ಬಾಗಿಲು ತೆಗೆದಿದ್ದರು, ಒಂದು ಕಾಲು ಒಳಗಿತ್ತು. ಬಿಸಿಲಿನಲ್ಲಿ ನಿಂತು ಇವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರಿಗೆ ಇಂಗ್ಲಿಷಿನಲ್ಲಿ ಹೇಳಿ, ನಡುವೆ ನಾನು ಬಂದದ್ದು ನೋಡಿ, ಅದನ್ನೇ ನನಗೆ ಕನ್ನಡದಲ್ಲಿ ಹೇಳಿದಳು.

"ಹೊಸದಾಗಿ ಬಂದಾಗ ಪಕ್ಕದ ಮನೆಯವರು, ನೀವು ವೆಜಿಟೇರಿಯನ್ ತಾನೇ ಅಂದ್ರಮ್ಮ. ಒಂದು ಸಲ ಹೂಂ ಅಂದೆ. ಆಮೇಲೆ ಇಲ್ಲ ಅನ್ನೋಕೆ ಜಾಗಾನೇ ಸಿಗಲಿಲ್ಲ."

ಇಷ್ಟು ವರ್ಷ ಅವಳು ಜಂಬಕ್ಕೆ ಬಿಟ್ಟಳು ಅಂದುಕೊಂಡಿದ್ದೆ. ಬೀಗರು ಟೋಪಿ ತೆಗೆದು ಅದರ ಅಂಚು ತಿರುಗಿಸಿದರು. ಕೊನೆಗೆ ಅವರು ಕೇಳಿದ್ದು ಒಂದೇ, ಲಿವರ್ ವಿಷಯ ನಿಜವಾ ಅಂತ. ಸುಧಾ ತಲೆಯಾಡಿಸಿದಳು. ಅವಳು ಚಿಕ್ಕವಳಿದ್ದಾಗ ಈಲಿಯ, ಅದೇ ಲಿವರಿನ, ಪಾಲಿಗೆ ಅಣ್ಣಂದಿರನ್ನು ಕಚ್ಚುತ್ತಿದ್ದಳು ಅಂತ ಹೇಳಬೇಕೆನಿಸಿತು, ಇಂಗ್ಲಿಷು ಮುಗಿದಿತ್ತು. ಜಿಂಕೆಯದು ಫ್ರೀಜರಿನಲ್ಲಿ ಇದೆ, ಮಧ್ಯಾಹ್ನ ಎಲ್ಲರೂ ಮನೆಗೆ ಬನ್ನಿ ಅಂದರು ಬೀಗರು. ಆಮೇಲೆ ಕಾಲನ್ನು ಕಾರಿನಿಂದ ಹೊರಗೆ ತೆಗೆದು ಅಂಗಡಿಗೆ ವಾಪಸ್ ನಡೆದರು. ಪೆಟ್ಟಿಗೆಯ ಮೂಲೆಯಲ್ಲಿದ್ದ ಒಂದು ಸಣ್ಣ ಕತ್ತಿ ತೋರಿಸಿ, ಇದು ಕೊಡಿಸಿ ಅಂದರು. ನಾಲ್ಕು ಬೆರಳುದ್ದ, ಸಾದಾ ಮರದ ಹಿಡಿ, ಅಳಿಯನ ಫೋನಿನಲ್ಲಿ ಹೆಸರೇ ಇಲ್ಲದ್ದು. ನನಗಾದರೆ ಹುರುಳಿಕಾಯಿ ನಾರು ತೆಗೆಯುವುದಕ್ಕೂ ಸಾಲದು. ಬೀಗರು ಎಲ್ಲಿ ಮನಸ್ಸು ಬದಲಾಯಿಸುತ್ತಾರೋ ಅಂತ ಅಳಿಯ ಪ್ಯಾಕ್ ಮಾಡಿಸದೇ ತೆಗೆದುಕೊಟ್ಟ.

ಟೊರೆನ್ಸಿನ ಮನೆಯಲ್ಲಿ ಬೀಗರು ಆ ಸಣ್ಣ ಕತ್ತಿಯಲ್ಲೇ ಈಲಿಯ ಪೊರೆ ಎಳೆದು, ಈರುಳ್ಳಿ ಹಾಕಿ ಹುರಿದರು. ಸುಧಾ ಮೊದಲ ತುತ್ತನ್ನು ಕಣ್ಣು ಮುಚ್ಚಿ ತಿಂದಳು, ಎರಡನೆಯದನ್ನು ಕೇಳಿ ಹಾಕಿಸಿಕೊಂಡಳು. ಅಳಿಯ ಜನ್ಮದಲ್ಲೇ ತಿಂದಿಲ್ಲದವನ ಮುಖ ಮಾಡಿ ತಟ್ಟೆ ಬಳಿದ. ನನಗೆ ಹಿರಿಯಳು ಅಂತ ಮರ್ಯಾದೆಗೆ ತೊಡೆಯ ದೊಡ್ಡ ತುಂಡು ಬಂತು. ಖಾರ ಇಲ್ಲ, ಹುಳಿ ಇಲ್ಲ, ಒಳಗೆ ಕೆಂಪಗೆ ಹಸಿ, ಮೇಲೆ ಜಾಮು. ಬಾಯಲ್ಲಿಟ್ಟರೆ ನೆನೆದ ಹಗ್ಗ ಜಗಿದ ಹಾಗೆ. ಬೀಗರು ನನ್ನ ಕುರ್ಚಿಯ ಪಕ್ಕಕ್ಕೇ ಬಂದು ನಿಂತು, ಹೇಗಿದೆ ಅಂತ ಕೇಳಿದರು. ಮೇಘ, ಸುಧಾ, ಅಳಿಯ, ಡ್ಯಾನಿಯಲ್, ನಾಲ್ಕು ಜನರೂ ತಿನ್ನುವುದು ನಿಲ್ಲಿಸಿ ನನ್ನ ಬಾಯನ್ನೇ ನೋಡಿದರು.

"ವೆರಿ ಗುಡ್," ಅಂದೆ.

ಮದುವೆ ಹೇಳಿದ ದಿನಕ್ಕೇ ಆಯಿತು, ಬೀಗರು ಮುಂದಿನ ಸಾಲಿನಲ್ಲಿ ಕೂತಿದ್ದರು. ಸುಧಾ ಈಗ ಭಜನೆಯ ಹೆಂಗಸರ ಮುಂದೆಯೇ ನಾವು ತಿನ್ನುವವರು ಅನ್ನುತ್ತಾಳೆ. ಅವರಲ್ಲಿ ಇಬ್ಬರು ಅಡುಗೆಮನೆಗೆ ಬಂದು, ನಾವೂನೂ ಅಂತ ಪಿಸುಗುಟ್ಟಿ ಹೋದರಂತೆ. ನನ್ನ ಪಾಡು ಮಾತ್ರ ಬೇರೆ. ಸೀಸನ್ ಬಂತೆಂದರೆ ಟೊರೆನ್ಸಿನಿಂದ ಐಸಿನ ಡಬ್ಬಿ ಬರುತ್ತದೆ, ಮೇಲೆ ನನ್ನ ಹೆಸರು. ನಾನು ಮಸಾಲೆ ಅರೆದು ಸಾರು ಮಾಡುವ ಹಾಗೂ ಇಲ್ಲ. ನನಗೆ ಅವರ ಅಡುಗೆಯೇ ಇಷ್ಟ ಅಂತ ನಂಬಿ ಬೀಗರು ತಾವೇ ಬೇಯಿಸಿ, ಜಾಮು ಸವರಿ ಕಳಿಸುತ್ತಾರೆ, ಸಂಜೆ ಫೋನು ಮಾಡಿ ಹೇಗಿತ್ತು ಅಂತ ಕೇಳುತ್ತಾರೆ. ಹೋದ ಸಲ ನಾನು ಸುಧಾಳನ್ನು ಪಕ್ಕಕ್ಕೆ ಕರೆದು, ವಯಸ್ಸಾಯಿತು, ದೇವರ ಕಡೆ ಮನಸ್ಸು ತಿರುಗಿದೆ, ಅಮ್ಮ ಈಗ ಸಸ್ಯಾಹಾರಿ ಅಂತ ಬೀಗರಿಗೆ ಒಂದು ಮಾತು ಹೇಳಿಬಿಡು ಅಂದೆ. ಅವಳು ಫೋನನ್ನು ನನ್ನ ಕೈಗೇ ಕೊಟ್ಟು, ನೀನೇ ಹೇಳು ಅಂದಳು. ಆ ಕಡೆ ಬೀಗರು ಲೈನಿನಲ್ಲಿದ್ದರು. ನಾನು ವೆರಿ ಗುಡ್ ಅಂದೆ.