ಫ್ಯಾನ್ ಬಂದ್ ಮಾಡಿಸಿ ಹಾಡುವ ಕಾಕಾ

ನಮ್ಮ ಕಾಕಾ ಬಹಳ ದೊಡ್ಡ ಹಾಡುಗಾರ. ಇದನ್ನು ಪುಣೆಯಲ್ಲಿ ಯಾರೂ ಅಲ್ಲಗಳೆದಿಲ್ಲ. ಅಲ್ಲಗಳೆಯಬೇಕಾದರೆ ಮೊದಲು ಅವನ ಹಾಡು ಕಿವಿಗೆ ಬೀಳಬೇಕಲ್ಲ!

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಇಬ್ಬರೂ ವಿಜಾಪುರದ ಕಡೆಯಿಂದ ಬಂದು ರವಿವಾರ ಪೇಟೆಯಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ ಇಟ್ಟವರು. ಪಾತ್ರೆ ಕೊಳ್ಳಲು ಬಂದವರು ಸುಮ್ಮನೆ ಕೊಳ್ಳುತ್ತಾರೆಯೇ? ಒಂದನ್ನು ಬೆರಳಿನಿಂದ ಬಾರಿಸಿ ನಾದ ಕೇಳುತ್ತಾರೆ, ಕಪಾಟಿನಲ್ಲಿದ್ದ ಉಳಿದವನ್ನೆಲ್ಲ ಬಾರಿಸುತ್ತಾರೆ, ಕೊನೆಗೆ ಮೊದಲನೆಯದನ್ನೇ ಒಯ್ಯುತ್ತಾರೆ. ಈ ಗದ್ದಲದ ಮೇಲೆ ಮಾತಾಡಿ ಮಾತಾಡಿ ಅಪ್ಪನ ಕಂಠ ಎಷ್ಟು ಬೆಳೆಯಿತೆಂದರೆ, ಊಟಕ್ಕೆ ಕುಳಿತು ಉಪ್ಪು ಕೇಳಿದರೆ ಪಕ್ಕದ ಮನೆಯ ಮರಾಠಿ ಅಜ್ಜಿ "ಘ್ಯಾ ಮೀಠ!" ಎಂದು ಬಟ್ಟಲು ಹಿಡಿದು ಬರುತ್ತಿದ್ದಳು. ಆ ದನಿ ನಮಗೆಲ್ಲ ಬಳುವಳಿಯಾಗಿ ಬಂತು. ಕಾಕಾನಿಗೆ ಮಾತ್ರ ಅದೇ ಗದ್ದಲ ಉಲ್ಟಾ ಹೊಡೆಯಿತು. ಅವನು ಪಾತ್ರೆಗಳ ನಡುವೆ ಹಳೆಯ ಪೇಪರು ಇಟ್ಟು ಜೋಡಿಸುತ್ತಿದ್ದ. ಸದ್ದಾಗಬಾರದಂತೆ!

ತೊಂಬತ್ತರ ದಶಕದ ಒಂದು ಭಾನುವಾರ ಜುನಾ ಬಜಾರಿನಿಂದ ಹಳೆಯ ಗಿಟಾರೊಂದನ್ನು ಹೊತ್ತು ತಂದ. ಬರುವಾಗ ಅದಕ್ಕೆ ಆರು ತಂತಿ ಇದ್ದವು. ಸಂಜೆಯೊಳಗೆ ನಾಲ್ಕಾದವು.

"ಇನ್ನೆರಡು ಎಲ್ಲಿ ಹೋದುವೋ?" ಅಪ್ಪ ಗುಡುಗಿದ.

"ತಗದೆ ಅಣ್ಣಾ. ಭಾಳ ಮಾತಾಡ್ತಿದ್ದುವು."

ಹಾಡುಗಳೂ ಅವನ ಸ್ವಂತದವೇ. ದೇವರಿಲ್ಲ, ದೇಶವಿಲ್ಲ, ಪಾಪ, ಒಬ್ಬ ಚಂದ್ರನೂ ಇಲ್ಲ! ಕಿತ್ತುಹೋದ ಗುಂಡಿ, ಬಸ್ಸು ಬಾರದ ಸ್ಟಾಪು, ಹಾಲು ಉಕ್ಕುವುದಕ್ಕೆ ಮುಂಚಿನ ಗಳಿಗೆ, ಇಂಥವೇ. ಹಾಡುವ ಮೊದಲು ಮನೆಯ ಫ್ಯಾನು ಬಂದ್ ಆಗಬೇಕು, ಕುಕ್ಕರು ಇಳಿಯಬೇಕು. ಏಪ್ರಿಲ್ ತಿಂಗಳಲ್ಲಿ ಬೆವರು ಸುರಿಸುತ್ತ ಕುಳಿತವರಿಗೆ ಹಾಡು ಶುರುವಾಯಿತೋ ಮುಗಿಯಿತೋ ಗೊತ್ತಾಗುವುದಾದರೂ ಹೇಗೆ? ಕಾಕಾನ ಹೆಂಡತಿ, ನಮ್ಮ ಕಾಕು, ನಮಗೊಂದು ಉಪಾಯ ಹೇಳಿಕೊಟ್ಟಿದ್ದಳು: "ಅವರ ಹೆಬ್ಬೆರಳು ನೋಡ್ರಿ. ಅದು ನಿಂತ್ರ ಚಪ್ಪಾಳಿ ಹೊಡೀರಿ."

ತಮಾಷೆ ಇರಲಿ, ಒಮ್ಮೆ ನಾನು ಅವನ ಮೊಣಕಾಲಿನ ಹತ್ತಿರವೇ ಕುಳಿತು ಕೇಳಿದ್ದೆ. ಜೋರು ಹಾಡು ತಾನೇ ಬಂದು ಬಾಗಿಲು ಬಡಿಯುತ್ತದೆ. ಕಾಕಾನ ಹಾಡಿನ ಹತ್ತಿರ ನಾವೇ ಎದ್ದು ಹೋಗಬೇಕು. ಹೋದ ಮೇಲೆ ಹೊರಳಿ ಬರಲು ಮನಸ್ಸಾಗುವುದಿಲ್ಲ.

ಅವನಿಗಿದ್ದದ್ದು ಒಂದೇ ಆಸೆ. ಅಣ್ಣ ಒಂದು ಹಾಡನ್ನು, ಒಂದೇ ಒಂದನ್ನು, ಪೂರ್ತಿ ಕೇಳಬೇಕು. ಅಪ್ಪನೋ, ಎರಡನೆಯ ಸಾಲಿಗೇ "ಏನೂ ಕೇಳಸವಲ್ದೋ!" ಎಂದು ಎದ್ದುಬಿಡುತ್ತಿದ್ದ. ಅದಕ್ಕೇ ಕಾಕಾ ಕ್ಯಾಸೆಟ್ ಮಾಡಿದ. ಕಪಾಟಿನಲ್ಲಿ ಕಾಕುವಿನ ಸೀರೆಗಳ ನಡುವೆ ಟೇಪ್ ರೆಕಾರ್ಡರ್ ಇಟ್ಟು, ತಲೆಯನ್ನೂ ಒಳಗೆ ತೂರಿಸಿ ಹಾಡಿದ. ಅಪ್ಪನ ಮುಂದೆ ಹಚ್ಚಿದಾಗ ಮೊದಲು ಸೊಂಯ್ ಎಂಬ ಸದ್ದು, ಆಮೇಲೆ ತಂತಿ ಮಿಡಿದಂತೆ ಏನೋ, ಆಮೇಲೆ ಸ್ಪಷ್ಟವಾಗಿ, ಹೊರಗಿನಿಂದ, ಅಪ್ಪನದೇ ಗರ್ಜನೆ: "ಏ, ನಳಕ್ಕ ನೀರ್ ಬಂತು! ಕೊಡಾ ಹಚ್ರಿ!"

ಅಪ್ಪ ಖುಷಿಯಿಂದ ತಲೆಯಾಡಿಸಿದ. "ಇದು ಛಲೋ ಬಂದದ ನೋಡು!"

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ವರ್ಷ ಪುಣೆಯ ನಮ್ಮ ಕನ್ನಡ ಮಂದಿಯ ರಾಜ್ಯೋತ್ಸವದಲ್ಲಿ ಕಾಕಾನ ಸರದಿ ಬಂತು. ಅವನಿಗಿಂತ ಮುಂಚೆ ಹಿಂಜವಾಡಿಯ ಸಾಫ್ಟ್‌ವೇರ್ ಹುಡುಗರ ಆರ್ಕೆಸ್ಟ್ರಾ. ಸಭಾಗೃಹದ ಕಿಟಕಿಗಳು ಇನ್ನೂ ನಡುಗುತ್ತಿದ್ದವು. ಅಪ್ಪ ಮೊದಲ ಸಾಲಿನಲ್ಲಿ ಎದೆಯುಬ್ಬಿಸಿ ಕುಳಿತಿದ್ದ. ಕಾಕಾ ಹಾಡಲಾರಂಭಿಸಿದ. ನಮಗೆ ಹೆಬ್ಬೆರಳಿನಿಂದ ತಿಳಿಯಿತು.

"ಅಂಕಲ್, ಸ್ವಲ್ಪ ಲೌಡಾಗಿ ಪ್ಲೀಸ್!" ಹಿಂದಿನಿಂದ ಆರ್ಕೆಸ್ಟ್ರಾದ ಹುಡುಗನೊಬ್ಬ ಕೂಗಿದ.

ಅಪ್ಪ ಎದ್ದೇ ನಿಂತ. "ಜೋರಾಗಿ ಹಾಡೋ ತಮ್ಮಾ! ಮನಿ ಮರ್ಯಾದಿ ಪ್ರಶ್ನಿ!"

ಮೈಕಿನವನು ವಾಲ್ಯೂಮ್ ಏರಿಸಿದ. ಮೈಕು ಕೀ ಎಂದು ಕಿರುಚಿತು. ಸಭೆ ನಕ್ಕಿತು. ಕಾಕಾ ಗಿಟಾರು ಎತ್ತಿಕೊಂಡು ವೇದಿಕೆ ಇಳಿದ. ಇಷ್ಟು ವರ್ಷದ ಆಸೆ ಮಣ್ಣುಪಾಲಾಯಿತೆಂದು ಕಾಕು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆದರೆ ಕಾಕಾ ಬಾಗಿಲ ಕಡೆಗೆ ಹೋಗಲಿಲ್ಲ! ಸಭೆಯ ನಟ್ಟನಡುವೆ ಖಾಲಿ ಇದ್ದ ಖುರ್ಚಿಯಲ್ಲಿ ಕುಳಿತು, "ಫ್ಯಾನ್ ಬಂದ್ ಮಾಡ್ರಿ" ಎಂದ. ಯಾರೋ ಮಾಡಿದರು. ಅವನು ಹಾಲಿನ ಹಾಡು ಶುರುಮಾಡಿದ. ಒಲೆಯ ಮುಂದೆ ನಿಂತ ಹೆಂಗಸು ಯಾರನ್ನೋ ನೆನೆಯುತ್ತಾಳೆ, ಹಾಲನ್ನು ಮರೆಯುತ್ತಾಳೆ, ಅಷ್ಟೇ. ಯಾರನ್ನು ನೆನೆದಳೆಂದು ಹಾಡು ಹೇಳುವುದಿಲ್ಲ. ಮುಂದಿನವರು ಹಿಂದಕ್ಕೆ ತಿರುಗಿದರು. ಹಿಂದಿನವರು ಖುರ್ಚಿ ಎತ್ತಿಕೊಂಡು ಬಂದರು, ಎಳೆದರೆ ಸದ್ದಾದೀತೆಂದು! ಚಹಾದವನು ಸ್ಟೋವ್ ಆರಿಸಿದ. ಲೌಡು ಕೇಳಿದ್ದ ಹುಡುಗ ಕಾಕಾನ ಕಾಲ ಬಳಿ ನೆಲದ ಮೇಲೆ ಕುಳಿತ. ನನ್ನ ಪಕ್ಕದಲ್ಲಿದ್ದ, ಪರಿಚಯವೇ ಇಲ್ಲದ ಹೆಂಗಸು ಕಣ್ಣೊರೆಸಿಕೊಂಡಳು.

ಹೆಬ್ಬೆರಳು ನಿಂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಾಕಾ ಗಾಬರಿಯಿಂದ ಅತ್ತಿತ್ತ ನೋಡಿದ.

ಪುಣೆಯ ನಾಟಕಗೃಹಗಳಲ್ಲಿ ಹಾಡು ಹಿಡಿಸಿದರೆ 'ವನ್ಸ್ ಮೋರ್!' ಎಂದು ಸೂರು ಹಾರುವಂತೆ ಕೂಗುವುದು ರೂಢಿ. ಅಂದು ನಮ್ಮಪ್ಪ ಜೀವನದಲ್ಲಿ ಮೊದಲ ಸಲ ಪಿಸುಗುಟ್ಟಲು ನೋಡಿದ. "ವನ್ಸ್ ಮೋರ್." ಅಭ್ಯಾಸವಿರಲಿಲ್ಲ ನೋಡಿ, ಹೊರಗೆ ಚಪ್ಪಲಿ ಕಾಯುವವನಿಗೂ ಕೇಳಿಸಿತು! ಆದರೂ ಅದು ಪಿಸುಮಾತೇ. ಅವನ ಹಿಂದೆಯೇ ಇಡೀ ಸಭೆ ಪಿಸುಗುಟ್ಟಿತು, "ವನ್ಸ್ ಮೋರ್, ವನ್ಸ್ ಮೋರ್." ಗೆದ್ದೇಬಿಟ್ಟ ನಮ್ಮ ಕಾಕಾ! ಅಣ್ಣ ಪೂರ್ತಿ ಕೇಳಿದ, ಅದೂ ಎರಡೆರಡು ಸಲ!

ಅದಾಗಿ ಕೆಲವು ವರ್ಷಗಳಿಗೆ ಅಪ್ಪನ ಗಂಟಲಿಗೆ ಆಪರೇಶನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಮಂಚದ ಮೇಲೆ ಕುಳಿತು ಅಪ್ಪ ಏನೋ ಹೇಳಿದ. ನಾವೆಲ್ಲ ನಮ್ಮ ಬಳುವಳಿಯ ದನಿಯಲ್ಲಿ ಮುಗಿಬಿದ್ದೆವು. "ಏನ್ ಬೇಕಪ್ಪಾ? ನೀರಾ? ಗುಳಿಗಿ ಏನು?" ಅಪ್ಪ ಇನ್ನೊಮ್ಮೆ ತುಟಿ ಆಡಿಸಿ, ಸಾಕೆಂಬಂತೆ ಕೈಬೀಸಿಬಿಟ್ಟ. ಪಕ್ಕದ ಮನೆಗೆ ಕೇಳಿಸುತ್ತಿದ್ದವನ ಮಾತು ಈಗ ಮಂಚವನ್ನೂ ದಾಟುತ್ತಿರಲಿಲ್ಲ. ನನಗೆ ಅಳು ಬಂತು.

ಬಾಗಿಲಲ್ಲಿ ನಿಂತಿದ್ದ ಕಾಕಾ ಆಗ ಕೂಗಿದ. ಹೌದು, ನಮ್ಮ ಕಾಕಾ, ಪಕ್ಕದ ಮನೆಯ ಅಜ್ಜಿಗೂ ಕೇಳುವಷ್ಟು ಜೋರಾಗಿ ಕೂಗಿದ:

"ಎಲ್ಲಾರೂ ಸುಮ್ಮನಿರ್ರಿ! ಫ್ಯಾನ್ ಬಂದ್ ಮಾಡ್ರಿ! ಅಣ್ಣ ಮಾತಾಡ್ಲಿಕತ್ತಾನ!"