ಟೇಕಡಿಯ ಮೇಲೆ ನಾನು ಹಾವು ಬಿಟ್ಟದ್ದು

ಕೆಟ್ಟ ಕೆಲಸ ಮಾಡುವವರನ್ನು ತಡೆಯುವುದು ಸುಲಭ. ಬೈಯಬಹುದು, ಪೊಲೀಸರಿಗೆ ಹೇಳುತ್ತೇನೆಂದು ಹೆದರಿಸಬಹುದು. ಒಳ್ಳೆಯ ಕೆಲಸಕ್ಕೆ ಹೊರಟವರನ್ನು ತಡೆಯುವುದಿದೆಯಲ್ಲ, ಅದು ಯಾರ ಕೈಯಲ್ಲೂ ಆಗದ ಮಾತು. ಅದರಲ್ಲೂ ನಮ್ಮ ಪುಣೆಯಲ್ಲಿ ನಸುಕಿಗೇ ಎದ್ದು, ಬೂಟು ಹಾಕಿ, ಕೈಯಲ್ಲಿ ಸಸಿ ಹಿಡಿದು ಟೇಕಡಿ ಹತ್ತುವ ನಿವೃತ್ತರನ್ನು ತಡೆಯಲು ದೇವರೂ ಹಿಂದೆಮುಂದೆ ನೋಡುತ್ತಾನೆ. ಟೇಕಡಿ ಎಂದರೆ ನಮ್ಮ ಮನೆಯ ಹಿಂದಿನ ಬೋಳು ಗುಡ್ಡ. ನಾನೂ ಆ ಗುಂಪಿನವನೇ. ಆದರೆ ನಡೆಯುವುದಕ್ಕಿಂತ, ಗುಡ್ಡದ ಬುಡದ ಚಹಾದಂಗಡಿಯಲ್ಲಿ ದೇಶದ ಭವಿಷ್ಯ ಚರ್ಚಿಸುವುದರಲ್ಲಿ ನನ್ನ ಹಾಜರಿ ಹೆಚ್ಚು.

ಈ ಮಳೆಗಾಲದಲ್ಲಿ ನನ್ನ ಹೆಂಡತಿ ಸುನಂದಾ ಆ ಗುಡ್ಡದ ಹುಲ್ಲಿನೊಳಗೆ ಒಂದು ಗಿಡ ಕಂಡಳು. ಧಾರವಾಡದ ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು. ನೆಂಟರನ್ನು ಕಂಡಾಗಿನದಕ್ಕಿಂತ ಗಿಡ ಕಂಡಾಗ ಹೆಚ್ಚು ಹಿಗ್ಗುತ್ತಾಳೆ. ಅದು ಕಂದೀಲು ಹೂವಿನ ಗಿಡವಂತೆ. ಮಳೆಗೆ ಗಡ್ಡೆಯಿಂದ ಎದ್ದು, ಪುಟ್ಟ ಕಂದೀಲಿನಂಥ ಹೂ ಬಿಟ್ಟು, ಮತ್ತೆ ನೆಲದೊಳಗೆ ಹೋಗಿ ಮಲಗುತ್ತದಂತೆ. ಈ ಸೀಮೆಯ ಗುಡ್ಡಗಳನ್ನು ಬಿಟ್ಟರೆ ಇನ್ನೆಲ್ಲೂ ಸಿಗದಂತೆ. ನನ್ನ ಕಣ್ಣಿಗೆ ಅದು ಕೊತ್ತಂಬರಿ ಕಟ್ಟಿನಿಂದ ಆರಿಸಿ ಎಸೆಯುವ ಕಸದ ಹಾಗೇ ಕಂಡಿತು. ಹಾಗೆಂದು ಬಾಯಿ ಬಿಟ್ಟು ಹೇಳಿದ ದಿನ ನನ್ನ ಚಹಾಕ್ಕೆ ಸಕ್ಕರೆ ಬೀಳಲಿಲ್ಲ.

ಅಷ್ಟರಲ್ಲಿ ನಮ್ಮ ಗುಂಪಿನ ಮುಖಂಡರಾದ ಇನಾಮದಾರ ಕಾಕಾ, ಬರುವ ಭಾನುವಾರ ಅದೇ ಜಾಗದಲ್ಲಿ ಸಸಿ ನೆಡುವುದೆಂದು ಸಾರಿಬಿಟ್ಟರು. ಬೆಳಗಾವಿಯ ಗಟ್ಟಿ ಮನುಷ್ಯ. ಖಾಲಿ ನೆಲ ಕಂಡರೆ ಅವರ ಕೈ ತುರಿಸುತ್ತದೆ. ಸುನಂದಾ ಅವರ ಮನೆಗೇ ಹೋಗಿ ತಿಳಿಸಿ ಹೇಳಿದಳು. ಗುಂಡಿ ತೋಡಿದರೆ ಗಡ್ಡೆ ಹೋಗುತ್ತದೆ, ಮರದ ನೆರಳು ಬಿದ್ದರೆ ಹುಲ್ಲು ಹೋಗುತ್ತದೆ, ಹುಲ್ಲು ಹೋದರೆ ಈ ಗಿಡವೂ ಹೋಗುತ್ತದೆ. ಕಾಕಾ ಶಾಂತವಾಗಿ ಕೇಳಿಸಿಕೊಂಡು, ಅದು ಎಷ್ಟೆತ್ತರ ಬೆಳೆಯುತ್ತದೆಂದು ವಿಚಾರಿಸಿದರು. ಮೊಣಕಾಲೆತ್ತರ ಎಂದು ಕೇಳಿ ಅವರಿಗೆ ಇವಳ ಮೇಲೆ ಕನಿಕರ ಬಂತು.

"ಅದನ್ನ ಒಂದು ಕುಂಡದಾಗ ಹಚ್ಚಿ ನಿಮ್ಮ ಮನಿ ಗ್ಯಾಲರಿಯೊಳಗ ಇಟ್ಟುಬಿಡ್ರಿ, ವೈನಿ."

"ಆ ಹುಲ್ಲು, ಆ ಕಲ್ಲು, ಆ ಹೂವಿಗೆ ಬರೋ ಸಣ್ಣ ನೊಣಾ, ಎಲ್ಲಾ ಗ್ಯಾಲರಿಯೊಳಗ ಇಡ್ಲಿಕ್ಕೆ ಆಗತದೇನ್ರಿ ಕಾಕಾ?" ಎಂದಳು ಸುನಂದಾ. "ಅದಕ್ಕ ಆ ಜಾಗಾನ ಮನಿ."

ಕಾಕಾ ಕರಗಲಿಲ್ಲ. ಮನೆಗೆ ಬಂದವಳು ಊಟ ಅರ್ಧಕ್ಕೇ ಬಿಟ್ಟು ಎದ್ದಳು. ಗಿಡದ ಮಾತು ಬಿಡಿ, ಅವಳ ಮುಖ ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು.

ಮರುದಿನ ಚಹಾದಂಗಡಿಯಲ್ಲಿ, ಆ ಹುಲ್ಲಿನಲ್ಲಿ ಏನೋ ಉದ್ದಕ್ಕೆ ಹರಿದು ಹೋದದ್ದನ್ನು ಕಂಡೆ ಎಂದೆ. ಅಷ್ಟೇ. ಹಾವು ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಉಳಿದದ್ದನ್ನೆಲ್ಲ ನಮ್ಮ ಗುಂಪೇ ನೋಡಿಕೊಂಡಿತು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರಿಗೆ ತಾವೂ ಅದನ್ನು ಕಂಡದ್ದು ನೆನಪಾಯಿತು. ಇನ್ನೊಬ್ಬರು ಅದಕ್ಕೊಂದು ಜೋಡಿ ಕೊಟ್ಟರು. ವಾರ ಮುಗಿಯುವುದರೊಳಗೆ ಮರಿಗಳೂ ಆದವು. ಇನಾಮದಾರ ಕಾಕಾ ತಮಗೇನೂ ಭಯವಿಲ್ಲವೆಂದೂ, ಹೆಣ್ಣುಮಕ್ಕಳ ಸುರಕ್ಷೆಗಾಗಿ ಮಾತ್ರ ಸಸಿಗಳನ್ನು ಗುಡ್ಡದ ಕೆಳಗೆ ಕಸ ಸುರಿಯುವ ಜಾಗದಲ್ಲಿ ನೆಡೋಣವೆಂದೂ ಹೇಳಿದರು. ಹಾಗೇ ಆಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ನಾನಾಗುತ್ತಿರಲಿಲ್ಲ. ಇಲ್ಲದ ಹಾವಿಗೆ ಅಂಜುವುದೇಕೆ? ದಿನಾ ಬೆಳಿಗ್ಗೆ ಎಲ್ಲರೂ ನೋಡುತ್ತಿರುವಂತೆ, ಬರೀ ಚಪ್ಪಲಿಯಲ್ಲಿ, ಸೀಟಿ ಹೊಡೆಯುತ್ತ ಆ ಹುಲ್ಲಿನ ನಡುವೆ ಅಡ್ಡಾಡಿದೆ. ಗುಂಪಿನಲ್ಲಿ ನನ್ನ ಧೈರ್ಯದ ಮಾತೇ ಮಾತು. ಕಾಕಾ ಕೂಡ ಒಮ್ಮೆ ದೂರದಿಂದಲೇ ಕೈ ಮುಗಿದರು.

ಮೊದಲ ಹೂ ಬಿಟ್ಟಿದೆ ಎಂದು ಸುನಂದಾ ನನ್ನನ್ನು ಕರೆದುಕೊಂಡು ಹೋದಳು. ಹುಲ್ಲಿನ ನಟ್ಟನಡುವೆ ನಿಂತು, ಇನ್ನು ತಡೆಯಲಾರದೆ, ಹಾವಿನ ಕತೆ ಕಟ್ಟಿ ಇದನ್ನು ಉಳಿಸಿದವನು ನಾನೇ ಎಂದು ಎದೆಯುಬ್ಬಿಸಿ ಹೇಳಿದೆ. ಅವಳು ಹೂವಿನಿಂದ ಕಣ್ಣು ತೆಗೆಯಲಿಲ್ಲ.

"ಕತಿ ಯಾಕ್ರಿ, ಹಾವು ಖರೇನ ಅದ. ಕೊಳಕಮಂಡಲ. ನಿಮ್ಮ ಎಡಗಡೆ ಕಲ್ಲಿನ ಕೆಳಗ ಇರ್ತದ. ನೀವು ಅಂಜ್ತೀರಂತ ಹೇಳಿರಲಿಲ್ಲ."

ಆಮೇಲೆ ನಾನು ಡಾಂಬರು ರಸ್ತೆಗೆ ಹೇಗೆ ಬಂದೆನೋ, ಒಂದು ಚಪ್ಪಲಿ ಎಲ್ಲಿ ಉಳಿಯಿತೋ ತಿಳಿಯದು. ಹೂ ಭಾಳ ಚಂದ ಇತ್ತಂತೆ; ಸುನಂದಾ ಹೇಳಿದಳು.